ಶಾರ್ಜಾದಲ್ಲಿ ಕಳೆದ ಪುಸ್ತಕ, ಊರಿನಲ್ಲಿ ಹುಡುಕಾಟ!

"ಪೇಪರ್‌ನಲ್ಲಿ ಹಾಕಿದ್ರೆ ಸಿಗ್ತದಾ ಸರ್?"

ಕಳೆದ ಸೋಮವಾರ ಮಧ್ಯಾಹ್ನ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದ ಹೆಬ್ರಿ ಕಡೆಯ ತಾಯಿಯೊಬ್ಬರು ಕೇಳಿದ ಪ್ರಶ್ನೆ ಇದು. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಮಗನ ಹತ್ತನೇ ತರಗತಿಯ ಅಂಕಪಟ್ಟಿ, ರೇಷನ್ ಕಾರ್ಡು, ಆಧಾರ್ ಕಾರ್ಡು. ಮಗ ಮಸ್ಕತ್‌ನಲ್ಲಿದ್ದಾನೆ. ಅವನ ಪಾಸ್‌ಪೋರ್ಟ್ ಕಳೆದುಹೋಗಿದೆ. ಆರು ದಿನವಾಯಿತು. ಕಂಪನಿಗೂ ಹೇಳಿಲ್ಲ, ಪೊಲೀಸರಿಗೂ ಹೇಳಿಲ್ಲ. ಅಮ್ಮನಿಗೆ ಮಾತ್ರ ಹೇಳಿದ್ದಾನೆ. ಅಮ್ಮ ಬಸ್ ಹತ್ತಿ ಪೇಪರಿನವರ ಹತ್ತಿರ ಬಂದಿದ್ದಾರೆ.

ಮಸ್ಕತ್‌ನಲ್ಲಿ ಬಿದ್ದದ್ದು ಉಡುಪಿಯ ಸಂಜೆ ಪತ್ರಿಕೆಯಲ್ಲಿ ಹಾಕಿದರೆ ಸಿಗುತ್ತದೆಯೇ? ಸಿಗುವುದಿಲ್ಲ ಎಂದು ಹೇಳಿ ಕಳಿಸಿಬಿಡಬಹುದಿತ್ತು. ಆದರೆ ನನಗೆ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಜೀನಸು ಅಂಗಡಿ ನೆನಪಾಯಿತು. ಆ ತಾಯಿಯನ್ನು ಅಲ್ಲಿಗೇ ಕರೆದುಕೊಂಡು ಹೋದೆ.

ಆ ಅಂಗಡಿಯಲ್ಲಿ ಈಗ ಇಬ್ಬರು ಅಣ್ಣ ತಮ್ಮಂದಿರು. ಅಣ್ಣ ಗಲ್ಲದಲ್ಲಿ ಕೂರುತ್ತಾರೆ, ತಮ್ಮ ತಕ್ಕಡಿ ಹಿಡಿಯುತ್ತಾರೆ. ಮೂರು ವರ್ಷದ ಹಿಂದೆ ನೋಡಿದವರಿಗೆ ಗೊತ್ತು, ಅಲ್ಲಿ ಅಣ್ಣ ಒಬ್ಬರೇ ಇದ್ದರು. ತಮ್ಮ ಶಾರ್ಜಾದಲ್ಲಿದ್ದರು.

"ಹೆಸರು ಮಾತ್ರ ಹಾಕ್ಬೇಡಿ ಮಾರಾಯ್ರೆ" ಎಂದರು ತಮ್ಮ. ನಮ್ಮ ಪತ್ರಿಕೆ ಶಾರ್ಜಾದವರೆಗೆ ಹೋಗುವುದಿಲ್ಲ ಎಂದೆ. "ಪೇಪರ್ ಹೋಗದಿದ್ರೆ ಎಂತ? ವಾಟ್ಸಾಪಲ್ಲಿ ಫೋಟೊ ಹೋಗ್ತದೆ!"

ಹಾಗಾಗಿ ಹೆಸರಿಲ್ಲ. ಕಥೆ ಮಾತ್ರ ಉಂಟು.

ಹದಿನೆಂಟು ದಿನದ ಗುಟ್ಟು

2023ರ ಜನವರಿ. ತಮ್ಮ ಆಗ ಶಾರ್ಜಾದ ಒಂದು ಕೆಫೆಟೇರಿಯದ ಚಹಾ ಕೌಂಟರಿನಲ್ಲಿದ್ದರು. ಏಳು ವರ್ಷದ ನೌಕರಿ. ಪಾಸ್‌ಪೋರ್ಟ್ ಧಣಿಯ ಕಪಾಟಿನಲ್ಲಿ ಭದ್ರವಾಗಿತ್ತು. (ಇಲ್ಲಿ ಒಂದು ಮಾತು ಹೇಳಬೇಕು. ಹಾಗೆ ತೆಗೆದು ಇಟ್ಟುಕೊಳ್ಳುವ ಹಕ್ಕು ಯಾವ ಧಣಿಗೂ ಇಲ್ಲ. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಆ ಪುಸ್ತಕ ಸದಾಕಾಲವೂ ಕೇಂದ್ರ ಸರ್ಕಾರದ ಸೊತ್ತು. ನಿಮ್ಮದೂ ಅಲ್ಲ, ಧಣಿಯದ್ದಂತೂ ಅಲ್ಲವೇ ಅಲ್ಲ. ಆದರೂ ಇಟ್ಟುಕೊಳ್ಳುತ್ತಾರೆ, ನಮ್ಮವರು ಕೊಡುತ್ತಾರೆ.)

ಏನೋ ಬ್ಯಾಂಕಿನ ಕೆಲಸಕ್ಕೆಂದು ಒಂದು ದಿನದ ಮಟ್ಟಿಗೆ ಕೇಳಿ ತೆಗೆದುಕೊಂಡರು. ಕೆಲಸ ಮುಗಿಸಿ ಬಸ್ಸಿನಲ್ಲಿ ವಾಪಸ್ ಬಂದು ರೂಮಿನಲ್ಲಿ ಅಂಗಿ ಬಿಚ್ಚಿದಾಗ ಕವರ್ ಇಲ್ಲ!

ರಾತ್ರಿ ರೂಮಿನಲ್ಲಿ ಪಂಚಾಯಿತಿಗೆ ಕೂತರು. ಎಂಟು ಜನ, ಎಂಟು ಬುದ್ಧಿ. ಠಾಣೆಗೆ ಹೋದರೆ ಒಳಗೆ ಹಾಕುತ್ತಾರೆ ಎಂದ ಒಬ್ಬ. ಕಂಪನಿಗೆ ಗೊತ್ತಾದರೆ ಸಂಬಳ ಹಿಡಿಯುತ್ತಾರೆ ಎಂದ ಇನ್ನೊಬ್ಬ. ಸ್ವಲ್ಪ ದಿನ ಕಾಯುವಾ, ಯಾರಿಗಾದರೂ ಸಿಕ್ಕಿದರೆ ತಂದು ಕೊಡುತ್ತಾರೆ ಎಂದ ಮತ್ತೊಬ್ಬ. ತಮ್ಮ ಈ ಕೊನೆಯವನ ಮಾತು ಕೇಳಿದರು. ಅದರಲ್ಲಿ ಏನೂ ಮಾಡುವ ಕೆಲಸ ಇರಲಿಲ್ಲ ನೋಡಿ!

ಹೀಗೆ ಹದಿನೆಂಟು ದಿನ ಕಳೆಯಿತು. ಹತ್ತೊಂಬತ್ತನೇ ದಿನ ಊರಿನಿಂದ ಅಣ್ಣನ ಫೋನು. ಅಮ್ಮ ಅಂಗಳದಲ್ಲಿ ಜಾರಿ ಬಿದ್ದಿದ್ದಾರೆ, ಆಸ್ಪತ್ರೆಯಲ್ಲಿದ್ದಾರೆ, ತಲೆಗೆ ಪೆಟ್ಟು. ಬರಲಿಕ್ಕಾದರೆ ಬಾ.

"ಬರ್ತೇನೆ ಅಂದೆ. ಫೋನ್ ಇಟ್ಟ ಮೇಲೆ ನೆನಪಾಯ್ತು, ಎಂತದರಲ್ಲಿ ಬರುದು?"

ಮೊದಲು ಠಾಣೆ

ಕಳೆದುಕೊಂಡವನು ಮೊದಲು ಹೋಗಬೇಕಾದದ್ದು ನಮ್ಮ ರಾಯಭಾರ ಕಚೇರಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಮೊದಲು ಅಲ್ಲಿನ ಪೊಲೀಸ್ ಠಾಣೆ. ಪುಸ್ತಕ ಕಳೆದಿದೆ ಎಂದು ಆ ದೇಶದ ಪೊಲೀಸರು ಬರೆದು ಕೊಟ್ಟ ಚೀಟಿ ಇಲ್ಲದೆ ನಮ್ಮ ಕಚೇರಿಯಲ್ಲಿ ಕೆಲಸ ಮುಂದೆ ಹೋಗುವುದು ಕಷ್ಟ. ಹಲವು ಕಡೆ ಆ ಚೀಟಿ ಸಿಗಬೇಕಾದರೆ ಕೆಲಸ ಕೊಟ್ಟವನ ಕಾಗದವೂ ಬೇಕಾಗುತ್ತದೆ. ಅಂದರೆ ಕಂಪನಿಗೆ ಹೇಳದೆ ಮುಚ್ಚಿಡುವ ದಾರಿ ಮೊದಲ ಮೆಟ್ಟಿಲಿನಲ್ಲೇ ಬಂದ್.

ತಮ್ಮ ಧಣಿಯ ಎದುರು ಹೋಗಿ ನಿಂತರು. ಧಣಿ ಅರ್ಧ ಗಂಟೆ ಬೈದರಂತೆ. ಆಮೇಲೆ ಅವರೇ ಟೈಪಿಂಗ್ ಸೆಂಟರಿಗೆ ಕಳಿಸಿ ಅರಬ್ಬಿಯಲ್ಲಿ ಕಾಗದ ಬರೆಸಿ ಮೊಹರು ಒತ್ತಿ ಕೊಟ್ಟರು. ಠಾಣೆಯಲ್ಲಿ ಯಾರೂ ಒಳಗೆ ಹಾಕಲಿಲ್ಲ. ಎಲ್ಲಿ, ಯಾವಾಗ, ಹೇಗೆ ಎಂದು ಕೇಳಿ ಬರೆದುಕೊಂಡರು. ವೀಸಾ ಮುಗಿದು ಅಡಗಿ ಕೂತವನ ಕಥೆ ಬೇರೆ. ಅವನಿಗೆ ದಿನದ ಲೆಕ್ಕದಲ್ಲಿ ದಂಡ ಏರುತ್ತದೆ. ಅಂಥವರು ಆ ಸರ್ಕಾರ ಮಾಫಿ ಸಾರುವವರೆಗೆ ಕಾಯುತ್ತಾರೆ. ಅಲ್ಲಿ 2018ರಲ್ಲೊಮ್ಮೆ, 2024ರಲ್ಲೊಮ್ಮೆ ಮಾಫಿ ಕೊಟ್ಟಿದ್ದರು. ತಮ್ಮನ ವೀಸಾ ಮಾತ್ರ ಚಾಲ್ತಿಯಲ್ಲಿತ್ತು.

"ಹದಿನೆಂಟು ದಿನ ನಿದ್ದೆ ಇಲ್ಲ ನಂಗೆ. ಠಾಣೆಯಲ್ಲಿ ಎಲ್ಲ ಸೇರಿ ಮುಕ್ಕಾಲು ಗಂಟೆ!"

ಕೊನೇ ಪುಟದ ಮಹಾತ್ಮೆ

ಮರುದಿನ ದುಬೈಗೆ. ಶಾರ್ಜಾದವರಿಗೂ ದುಬೈಯ ಭಾರತೀಯ ಕಾನ್ಸುಲೇಟೇ ಗತಿ. ಅಬುಧಾಬಿಯ ರಾಯಭಾರ ಕಚೇರಿ ಅಬುಧಾಬಿ ಕಡೆಯವರಿಗೆ. ಪೊಲೀಸ್ ಚೀಟಿ ಆಯಿತು, ಫೋಟೊ ಆಯಿತು, ಅರ್ಜಿ ಆಯಿತು. ಹಳೇ ಪಾಸ್‌ಪೋರ್ಟಿನ ಜೆರಾಕ್ಸ್ ಎಲ್ಲಿ?

ಅದು ಇಲ್ಲ. ನಂಬರೂ ಬಾಯಿಪಾಠ ಇಲ್ಲ.

ಇಲ್ಲಿಂದ ಕಥೆ ನಮ್ಮೂರಿಗೆ ಬರುತ್ತದೆ. ಅಣ್ಣ ಒಂದು ಕಡೆ ಆಸ್ಪತ್ರೆ, ಇನ್ನೊಂದು ಕಡೆ ಅಂಗಡಿ. ರಾತ್ರಿ ಮನೆಗೆ ಬಂದು ಟ್ರಂಕು, ಕಪಾಟು, ದೇವರ ಕೋಣೆಯ ಡಬ್ಬ, ಮದುವೆ ಆಲ್ಬಂ ಎಲ್ಲ ಕೆಡವಿದರು. ಕಡೆಗೆ ಹಳೇ ಟಿಕೆಟಿನ ಲಕೋಟೆಯಲ್ಲಿ ಒಂದು ಜೆರಾಕ್ಸ್ ಸಿಕ್ಕಿತು. ಮೊದಲ ಪುಟದ್ದು. ಫೋಟೊ ಕಪ್ಪಗೆ ಮಸಿ ಹಚ್ಚಿದ ಹಾಗೆ, ಆದರೂ ನಂಬರು ಓದಲಿಕ್ಕೆ ಬರುತ್ತಿತ್ತು. ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರು.

"ಕೊನೇ ಪುಟವೂ ಬೇಕಂತೆ ಅಣ್ಣ."

ವಾಚಕರೇ, ನಿಮ್ಮ ಮನೆಯಲ್ಲಿ ಪಾಸ್‌ಪೋರ್ಟ್ ಇದ್ದರೆ ಇವತ್ತು ರಾತ್ರಿ ತೆಗೆದು ಕೊನೇ ಪುಟ ನೋಡಿ. ತಂದೆ ಹೆಸರು, ತಾಯಿ ಹೆಸರು, ಹೆಂಡತಿ ಅಥವಾ ಗಂಡನ ಹೆಸರು, ಮನೆ ವಿಳಾಸ, ಅದರ ಹಿಂದಿನ ಪಾಸ್‌ಪೋರ್ಟಿನ ನಂಬರು, ಕೆಳಗೆ ಫೈಲ್ ನಂಬರು. ಮೊದಲ ಪುಟ ನೀವು ಯಾರು ಎಂದು ಹೇಳಿದರೆ, ಕೊನೇ ಪುಟ ನೀವು ಯಾರ ಮಗ, ಯಾವ ಊರಿನವನು, ನಿಮ್ಮ ಕಾಗದಪತ್ರ ಸರ್ಕಾರದ ಯಾವ ಕಟ್ಟಿನಲ್ಲಿದೆ ಎಂದು ಹೇಳುತ್ತದೆ. ಜೆರಾಕ್ಸ್ ಅಂಗಡಿಗೆ ಹೋದವರು ಫೋಟೊ ಇರುವ ಪುಟ ಒಂದನ್ನೇ ತೆಗೆಸಿ ಬರುತ್ತಾರೆ. ಒಂದೆರಡು ರೂಪಾಯಿಯ ಉಳಿತಾಯ!

2018ರ ಕೊನೆಯಿಂದ ಹೊರದೇಶದ ನಮ್ಮ ಕಚೇರಿಗಳನ್ನೂ ಪಾಸ್‌ಪೋರ್ಟ್ ಸೇವಾ ಜಾಲಕ್ಕೆ ಒಂದೊಂದಾಗಿ ಸೇರಿಸುತ್ತಾ ಬಂದರು. ಹಾಗಾಗಿ ಸರಿಯಾದ ನಂಬರು ಕೊಟ್ಟರೆ ದಾಖಲೆ ತೆರೆದು ನೋಡುವುದು ಮೊದಲಿಗಿಂತ ಸಲೀಸು. ಏನೂ ಕೊಡದೆ, ನಾನು ಭಾರತೀಯ ಎಂದು ಬಾಯಲ್ಲಿ ಹೇಳಿದವನ ಗತಿ ಮಾತ್ರ ಹಾಗಲ್ಲ. ಅವನ ಹೆಸರು, ಊರು ಇಲ್ಲಿಗೆ ಬರಬೇಕು, ಪೊಲೀಸರು ಮನೆ ಹುಡುಕಿಕೊಂಡು ಹೋಗಬೇಕು, ಹೌದು ಇವನು ನಮ್ಮವನೇ ಎಂದು ಬರೆದು ಕಳಿಸಬೇಕು. ಅದಕ್ಕೆ ವಾರವೂ ಆಗಬಹುದು, ತಿಂಗಳೂ ಆಗಬಹುದು.

ಅಣ್ಣನಿಗೆ ಕೊನೇ ಪುಟ ಸಿಕ್ಕಿದ್ದು ಎಲ್ಲಿ ಗೊತ್ತೇ? ಬ್ಯಾಂಕಿನಲ್ಲಿ! ತಮ್ಮ ದುಡ್ಡು ಕಳಿಸಲಿಕ್ಕೆ ಎನ್ಆರ್‌ಇ ಖಾತೆ ತೆರೆದಾಗ ವಿಳಾಸದ ಪುರಾವೆ ಎಂದು ಕೊನೇ ಪುಟವನ್ನೂ ಬ್ಯಾಂಕಿನವರು ಕೇಳಿ ತೆಗೆದುಕೊಂಡಿದ್ದರು. ಅಣ್ಣ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ಮೆಟ್ಟಿಲಿನಲ್ಲಿ ಕೂತರು. ಖಾತೆ ತಮ್ಮನದ್ದು, ಕೇಳುವುದು ಅಣ್ಣ, ಕೊಡಬಹುದೋ ಬಾರದೋ ಎಂದು ಮ್ಯಾನೇಜರ್ ಯೋಚನೆ ಮಾಡಿದರು. ಕಡೆಗೆ ಶಾರ್ಜಾಕ್ಕೆ ವೀಡಿಯೊ ಕಾಲ್ ಹಾಕಿಸಿ, ತಮ್ಮನ ಮುಖ ನೋಡಿ, ಮಾತಾಡಿ, ಅವರ ಇಮೇಲಿಗೇ ನೇರವಾಗಿ ಕಳಿಸಿಕೊಟ್ಟರು.

ಔಟ್‌ಪಾಸೋ, ನೀಲಿ ಪುಸ್ತಕವೋ?

ಕೌಂಟರಿನಲ್ಲಿ ತಮ್ಮನಿಗೆ ಎರಡು ದಾರಿ ಎಂದರು.

ಒಂದು, ಹೊಸ ಪಾಸ್‌ಪೋರ್ಟ್. ನೀಲಿ ಪುಸ್ತಕ. ಅದು ಬಂದರೆ ನೌಕರಿ ಸಲೀಸು, ವೀಸಾ ಸಲೀಸು. ಆದರೆ ಕಾಯಬೇಕು. ಕಳೆದುಹೋದ ಪ್ರಕರಣದಲ್ಲಿ ವಿಚಾರಣೆ ಜಾಸ್ತಿ, ಇಂತಿಷ್ಟೇ ದಿನ ಎಂದು ಯಾರೂ ಮಾತು ಕೊಡುವುದಿಲ್ಲ.

ಇನ್ನೊಂದು, ತುರ್ತು ಪ್ರಮಾಣಪತ್ರ. ಗಲ್ಫ್‌ನಲ್ಲಿ ಇದಕ್ಕೆ ಔಟ್‌ಪಾಸ್ ಎಂದೇ ಹೆಸರು. ಇದನ್ನೂ ಅದೇ 1967ರ ಕಾಯ್ದೆಯಲ್ಲಿ ಬರೆದಿದ್ದಾರೆ. ಭಾರತದೊಳಗೆ ಬರಲಿಕ್ಕೆ ಅನುಮತಿ ಕೊಡುವ ಪತ್ರ, ಅಷ್ಟೇ. ಒಂದೇ ಪ್ರಯಾಣ, ಒಂದೇ ದಿಕ್ಕು. ಬೇಗ ಸಿಗುತ್ತದೆ. ಆದರೆ ಇದನ್ನು ಹಿಡಿದುಕೊಂಡು ವಾಪಸ್ ಶಾರ್ಜಾಕ್ಕೆ ಹೋಗಲಿಕ್ಕಾಗುವುದಿಲ್ಲ. ಊರಿನಲ್ಲಿ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ, ಅದು ಬಂದ ಮೇಲೆ, ಹಳೇ ನಂಬರಿನ ಮೇಲಿದ್ದ ವೀಸಾವನ್ನು ಹೊಸ ನಂಬರಿಗೆ ಕಂಪನಿಯವರು ಸೇರಿಸಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಸಾಲದ್ದಕ್ಕೆ ಅಲ್ಲಿನ ಸಾಮಾನ್ಯ ಕೆಲಸದ ವೀಸಾಕ್ಕೆ ಒಂದು ಗಡುವು ಉಂಟು. ಆರು ತಿಂಗಳು ದೇಶದ ಹೊರಗೆ ಉಳಿದರೆ ಅದು ಸತ್ತಿತು.

ಒಂದು ಕಡೆ ಅಮ್ಮ, ಇನ್ನೊಂದು ಕಡೆ ಏಳು ವರ್ಷದ ನೌಕರಿ. ಮನೆ ಕಟ್ಟಿದ ಸಾಲ ಇನ್ನೂ ನಾಲ್ಕು ವರ್ಷ ಬಾಕಿ.

"ಅಣ್ಣನ ಹತ್ರ ಕೇಳಿದೆ. ನಿಂಗೆ ಬಿಟ್ಟದ್ದು ಅಂದ. ಅದು ಉತ್ತರ ಅಲ್ಲ ಅಲ್ವಾ?"

ಅಣ್ಣ ಗಲ್ಲದಿಂದಲೇ ಮಾತು ಸೇರಿಸಿದರು. "ಬಾ ಅಂದ್ರೆ ಕೆಲಸ ಹೋಗ್ತದೆ. ಬೇಡ ಅಂದ್ರೆ ಅಮ್ಮ ಹೋಗ್ತಾರೆ. ನಾನೆಂತ ಹೇಳುದು?"

ತಮ್ಮ ಔಟ್‌ಪಾಸ್ ತೆಗೆದುಕೊಂಡರು. ಇಮಿಗ್ರೇಶನ್‌ನವರ ಒಪ್ಪಿಗೆಯ ಕೆಲಸವೂ ಮುಗಿಯಿತು. ಟಿಕೆಟಿನವರು ಎರಡು ವಿಮಾನ ಬದಲಿಸುವ ಕಡಿಮೆ ದರದ ದಾರಿ ತೋರಿಸಿದ್ದರಂತೆ. ಬೇಡ ಎಂದು ದುಬೈಯಿಂದ ನೇರ ಮಂಗಳೂರಿಗೇ ತೆಗೆಸಿದರು. ಒಳ್ಳೆಯದೇ ಆಯಿತು. ಔಟ್‌ಪಾಸಿನವನು ನಡುವೆ ಮತ್ತೊಂದು ದೇಶದಲ್ಲಿ ಇಳಿದರೆ ಅಲ್ಲಿ ತಕರಾರು ಬಂದೀತು. ಬಜ್ಪೆಯಲ್ಲಿ ಅಧಿಕಾರಿಗಳು ಪಕ್ಕಕ್ಕೆ ಕರೆದು ತಂದೆ ಹೆಸರು, ಊರು, ಕಲಿತ ಶಾಲೆ ಎಲ್ಲ ವಿಚಾರಿಸಿದರು. ಆಮೇಲೆ ಬಿಟ್ಟರು.

ಅಮ್ಮನಿಗೆ ಗುರುತು ಸಿಕ್ಕಿತು. ಒಂಬತ್ತು ದಿನ ಇದ್ದರು.

ದುಡ್ಡಿನ ಬಗ್ಗೆ ಒಂದಿಷ್ಟು ಹೇಳಿಬಿಡುತ್ತೇನೆ, ವ್ಯಾಪಾರಸ್ಥರಿಗೆ ಉಪಯೋಗ. ಟಿಕೆಟಿಗೂ ಗತಿ ಇಲ್ಲದವರಿಗಾಗಿ ನಮ್ಮ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದು 2009ರಿಂದ ಇದೆ. ತೀರಾ ಕಷ್ಟದಲ್ಲಿ ಸಿಕ್ಕಿಬಿದ್ದವರ ಊಟ, ವಸತಿ, ವಿಮಾನದ ಖರ್ಚಿಗೆ ಅದರಿಂದ ನೆರವು ಉಂಟು. ಕೇಳಬೇಕು, ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ. ಆದರೆ ವಾಪಸ್ ಕೊಡುತ್ತೇನೆ ಎಂದು ಬರೆದುಕೊಟ್ಟು ಸರ್ಕಾರದ ಖರ್ಚಿನಲ್ಲಿ ಬಂದವರದ್ದು ಬೇರೆ ಲೆಕ್ಕ. ಅದು ಉದ್ರಿ. ಆ ಉದ್ರಿ ತೀರಿಸದವರಿಗೆ ಮುಂದಿನ ಪಾಸ್‌ಪೋರ್ಟ್ ಕೊಡದಿರಲು ಕಾಯ್ದೆಯಲ್ಲೇ ಜಾಗ ಉಂಟು.

ಇನ್ನು ಕಳೆದಿದೆ ಎನ್ನುವವರೆಲ್ಲ ಕಳೆದುಕೊಂಡವರಲ್ಲ ಎಂಬುದೂ ನಿಜ. ಬಡ್ಡಿಯವರ ಹತ್ತಿರ ಪಾಸ್‌ಪೋರ್ಟ್ ಅಡವಿಟ್ಟು, ಬಿಡಿಸಿಕೊಳ್ಳಲಾಗದೆ, ಬಿದ್ದುಹೋಯಿತು ಎಂದು ದೂರು ಕೊಡುವ ಮಹಾಶಯರು ಗಲ್ಫ್‌ನಲ್ಲಿ ಇದ್ದಾರೆ. ಸುಳ್ಳು ಹೇಳಿ ಪಾಸ್‌ಪೋರ್ಟ್ ಪಡೆದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಂಥವರ ದೆಸೆಯಿಂದಲೇ ನಿಜವಾಗಿ ಕಳೆದುಕೊಂಡವನೂ ಕೌಂಟರಿನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಹೇಳಬೇಕಾಗಿದೆ.

ಬೀಗ ಹಾಕಿದ ಮನೆ

ಬೊಜ್ಜ ಮುಗಿಸಿ ಮಾರ್ಚ್ ಕೊನೆಗೆ ತಮ್ಮ ಅರ್ಜಿ ಹಾಕಿದರು. ಕಳೆದುಹೋದದ್ದಕ್ಕೆ ಬದಲು ಎಂದಾದರೆ ಶುಲ್ಕವೂ ಇಮ್ಮಡಿ. 2012ರ ದರದಂತೆ 36 ಪುಟದ ಪುಸ್ತಕಕ್ಕೆ ಮಾಮೂಲಿ 1,500 ರೂಪಾಯಿ, ಕಳೆದುಕೊಂಡವನಿಗೆ 3,000. ಶಾರ್ಜಾ ಪೊಲೀಸರ ಚೀಟಿ, ಔಟ್‌ಪಾಸಿನ ಪ್ರತಿ, ಅಫಿಡವಿಟ್ ಎಲ್ಲ ಕೊಟ್ಟರು. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ.

ಇಲ್ಲೇ ಎಡವಟ್ಟಾಯಿತು. ಅರ್ಜಿಯಲ್ಲಿ ಹಳೇ ಪಾಸ್‌ಪೋರ್ಟಿನಲ್ಲಿದ್ದ ವಿಳಾಸವನ್ನೇ ಬರೆದಿದ್ದರು. ಅದು ಮೂಲ ಮನೆ. ಅಮ್ಮ ಹೋದ ಮೇಲೆ ಅದಕ್ಕೆ ಬೀಗ. ಇವರು ಇರುವುದು ಹೊಸ ಮನೆಯಲ್ಲಿ, ಮೂರು ಕಿಲೋಮೀಟರ್ ಆಚೆ. ಪೇದೆ ಹೋದರು, ಬೀಗ ನೋಡಿದರು, ಆ ವಿಳಾಸದಲ್ಲಿ ವಾಸ ಇಲ್ಲ ಎಂದು ಬರೆದರು. ಅವರದ್ದೇನೂ ತಪ್ಪಿಲ್ಲ, ಬೀಗ ಇದ್ದದ್ದು ಸತ್ಯವೇ. ಅಲ್ಲಿಂದ ವಿವರಣೆ ಕೇಳಿ ಪತ್ರ, ಇಲ್ಲಿಂದ ಉತ್ತರ, ವಿಳಾಸದ ದಾಖಲೆ, ಮತ್ತೆ ವೆರಿಫಿಕೇಶನ್. ಏಪ್ರಿಲ್ ಹೋಯಿತು, ಮೇ ಹೋಯಿತು, ಮಳೆ ಹಿಡಿಯಿತು.

ಈ ನಡುವೆ ಒಂದು ತಮಾಷೆ ಕೇಳಿ. ಮೇ ತಿಂಗಳಲ್ಲಿ ಶಾರ್ಜಾದ ರೂಮಿನಿಂದ ಫೋನು. ಪಾಸ್‌ಪೋರ್ಟ್ ಸಿಕ್ಕಿದೆ! ಬಸ್ಸಿನಲ್ಲಿ ಬಿದ್ದದ್ದೇ ಅಲ್ಲ. ಮಂಚ ಸರಿಸಿ ಗುಡಿಸುವಾಗ ಗೋಡೆ ಸಂದಿಯಲ್ಲಿ, ಕವರ್ ಸಮೇತ. ಅಣ್ಣನಿಗೆ ಸಂತೋಷವೋ ಸಂತೋಷ. ಯಾರಾದರೂ ಬರುವವರ ಕೈಯಲ್ಲಿ ತರಿಸು, ಅದರಲ್ಲೇ ಹೋಗು ಎಂದರು.

ಹೋಗುವ ಹಾಗಿಲ್ಲ. ಕಳೆದಿದೆ ಎಂದು ಬರೆದುಕೊಟ್ಟ ಕ್ಷಣಕ್ಕೆ ಆ ನಂಬರಿನ ಆಯುಷ್ಯ ಮುಗಿಯಿತು. ಕಳೆದ, ಕದ್ದ ಪಾಸ್‌ಪೋರ್ಟುಗಳ ನಂಬರು ಇಡಲಿಕ್ಕೆಂದೇ ಇಂಟರ್‌ಪೋಲಿನವರದ್ದು 2002ರಿಂದ ಒಂದು ಕಡತ ಉಂಟು. ಪುಸ್ತಕ ಕೊಟ್ಟ ದೇಶವೇ ಅದರಲ್ಲಿ ನಂಬರು ಸೇರಿಸುವುದು, ನೋಡುವುದು ಬೇರೆ ದೇಶದ ವಿಮಾನ ನಿಲ್ದಾಣಗಳು. ಸಿಕ್ಕಿತಲ್ಲ ಎಂದು ಅದನ್ನೇ ಹಿಡಿದು ಹೋದವನು ಕೌಂಟರಿನಲ್ಲಿ ಕಳ್ಳನ ಹಾಗೆ ನಿಲ್ಲಬೇಕಾಗುತ್ತದೆ. ರೂಮಿನವರು ಅದನ್ನು ಕಾನ್ಸುಲೇಟಿಗೆ ಒಪ್ಪಿಸಿದರು. ಹದಿನೆಂಟು ದಿನ ಅವರು ಅದೇ ಮಂಚದ ಮೇಲೆ ನಿದ್ದೆ ಬಾರದೆ ಹೊರಳಾಡಿದ್ದರು!

ಹೊಸ ಪಾಸ್‌ಪೋರ್ಟ್ ಸ್ಪೀಡ್‌ಪೋಸ್ಟಿನಲ್ಲಿ ಬಂದದ್ದು ಜುಲೈ ಮೂರನೇ ವಾರ. ಆರು ತಿಂಗಳ ಗಡುವಿಗೆ ಒಂದು ತಿಂಗಳು ಬಾಕಿ ಇತ್ತು. ಧಣಿಗೆ ಫೋನ್ ಮಾಡಿದರು. ಕೌಂಟರಿಗೆ ಬೇರೆ ಹುಡುಗನನ್ನು ಹಾಕಿ ಆಗಿದೆ, ನೋಡುವಾ ಎಂದರು. ಎರಡನೇ ಸಲ ಮಾಡಿದಾಗಲೂ ನೋಡುವಾ ಎಂದರು. ಆಗಸ್ಟ್ ಮುಗಿಯಿತು.

ಆವತ್ತಿನಿಂದ ತಮ್ಮ ತಕ್ಕಡಿ ಹಿಡಿದಿದ್ದಾರೆ. ಮನೆ ಸಾಲದ ಕಂತು ಅಂಗಡಿಯಿಂದಲೇ ಹೋಗುತ್ತದೆ, ಕಷ್ಟದಲ್ಲಿ. ಔಟ್‌ಪಾಸ್ ತೆಗೆದುಕೊಂಡದ್ದು ತಪ್ಪಾಯಿತಾ ಎಂದು ಕೇಳಿದೆ. ಒಂದು ಕಿಲೋ ಕುಚ್ಚಲಕ್ಕಿ ತೂಗಿ, ಕಟ್ಟಿ ಕೊಟ್ಟು, ಆಮೇಲೆ ಹೇಳಿದರು:

"ಅದು ತಪ್ಪಲ್ಲ. ಆ ಹದಿನೆಂಟು ದಿನ ತಪ್ಪು. ಮೊದಲ ದಿನವೇ ಠಾಣೆಗೆ ಹೋಗಿ ಹೊಸ ಪುಸ್ತಕಕ್ಕೆ ಹಾಕಿದ್ರೆ ಅಮ್ಮ ಬೀಳುವ ಹೊತ್ತಿಗೆ ನನ್ನ ಕೈಯಲ್ಲಿ ಇರ್ತಿತ್ತೋ ಏನೋ. ಎರಡೂ ಉಳೀತಿತ್ತು."

ಹೆಬ್ರಿಯ ಆ ತಾಯಿ ಅಲ್ಲೇ ಸ್ಟೂಲಿನ ಮೇಲೆ ಕೂತು ಇಷ್ಟೂ ಕೇಳುತ್ತಿದ್ದರು. ತಮ್ಮ ಅವರ ಚೀಲ ಇಸಿದುಕೊಂಡು ಒಂದೊಂದೇ ಕಾಗದ ನೋಡಿದರು. ಪಾಸ್‌ಪೋರ್ಟಿನ ಪ್ರತಿ ಇಲ್ಲ.

"ಬ್ಯಾಂಕ್ ಖಾತೆ ಯಾವುದು ಅಮ್ಮ?"

ಹೇಳಿದರು. ಬಸ್‌ಸ್ಟ್ಯಾಂಡ್ ಎದುರಿನದ್ದೇ.

"ಅಲ್ಲಿಗೆ ಮತ್ತೆ ಹೋಗುವಾ. ಮೊದಲು ಮಗನಿಗೆ ಫೋನ್ ಹಾಕಿ."

ಫೋನ್ ಹೋಯಿತು. ಆ ಕಡೆಯಿಂದ ಹುಡುಗನ ಸಣ್ಣ ಸ್ವರ. ತಮ್ಮ ಎರಡೇ ನಿಮಿಷ ಮಾತಾಡಿದರು, ಸ್ವಲ್ಪ ಜೋರಾಗಿಯೇ. ಇವತ್ತೇ ಕಂಪನಿಗೆ ಹೇಳು, ಕಾಗದ ತಗೋ, ಠಾಣೆಗೆ ಹೋಗು, ಅಲ್ಲಿಂದ ಮಸ್ಕತ್‌ನ ನಮ್ಮ ರಾಯಭಾರ ಕಚೇರಿ. ನಾಳೆ ಅಲ್ಲ, ಇವತ್ತು. ಮತ್ತೆ, ಮಂಚ ಸರಿಸಿ ನೋಡಿದ್ದೀಯಾ? ನೋಡು ಮೊದಲು.

"ಠಾಣೆಯಲ್ಲಿ ಹಿಡಿದಿಟ್ಟುಕೊಳ್ಳುದಿಲ್ಲ ಅಲ್ವಾ ಮಗ?" ತಾಯಿ ಕೇಳಿದರು.

"ವೀಸಾ ಉಂಟಂತೆ ಅಮ್ಮ. ಹೆದರ್ಬೇಡಿ."

ಹೆಬ್ರಿ ಬಸ್ಸಿನ ಕಂಡಕ್ಟರ್ ಸೀಟಿ ಊದುತ್ತಿದ್ದ. ತಾಯಿ ಎದ್ದರು, ಬಸ್ಸಿನ ಕಡೆ ನೋಡಿದರು, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ, ಬ್ಯಾಂಕಿನ ದಾರಿ ಹಿಡಿದರು. ತಮ್ಮ ತಕ್ಕಡಿಯನ್ನು ಅಣ್ಣನಿಗೆ ಒಪ್ಪಿಸಿ ಅವರ ಹಿಂದೆಯೇ ಹೋದರು.